ಪೇಪರ್ ಎಣಿಸುವ ಮುನ್ನ ತೆರೆದು ನೋಡಿ: ಕಲಬುರಗಿ, ಬೀದರ್, ಯಾದಗಿರಿಯ ಆಯ್ಕೆ ಸಮಿತಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಶರಣು ಶರಣಾರ್ಥಿ.

ನಮ್ಮ ಮೂರೂ ಜಿಲ್ಲೆಗಳ ವಿಶ್ವವಿದ್ಯಾಲಯ ಮತ್ತು ವೈದ್ಯಕೀಯ ಕಾಲೇಜುಗಳ ನೇಮಕಾತಿ, ಬಡ್ತಿ, ಸಂಶೋಧನಾ ಅನುದಾನದ ಕಡತಗಳು ನಿಮ್ಮ ಮುಂದೆ ಬರುತ್ತವೆ. ಅವುಗಳಲ್ಲಿ ಕ್ಯಾನ್ಸರ್ ಜೀನೋಮಿಕ್ಸ್ (ಗಡ್ಡೆಯ ಡಿಎನ್‌ಎ ಓದಿ ರೋಗವನ್ನು ಅರಿಯುವ ಶಾಸ್ತ್ರ) ಓದಿಕೊಂಡವರ ಅರ್ಜಿಗಳೂ ಈಗ ಇರುತ್ತವೆ. ಕಡತದ ಮೊದಲ ಪುಟದಲ್ಲಿ ಮೂರು ಅಂಕಿ ಕಾಣುತ್ತವೆ: ಒಟ್ಟು ಪೇಪರ್, ಒಟ್ಟು ಸೈಟೇಷನ್ (ಬೇರೆ ಪೇಪರ್‌ಗಳು ಅವನ್ನು ಉಲ್ಲೇಖಿಸಿದ ಲೆಕ್ಕ), ಎಚ್-ಇಂಡೆಕ್ಸ್. ಬಹಳಷ್ಟು ಸಲ ಚರ್ಚೆ ಅಲ್ಲಿಗೇ ಮುಗಿದುಹೋಗುತ್ತದೆ. ಈ ಕ್ಷೇತ್ರದ ಮಟ್ಟಿಗೆ ಆ ಮೂರು ಅಂಕಿಗಳನ್ನು ನಂಬಿ ನಿರ್ಧಾರ ಮಾಡಿದರೆ ಯೋಗ್ಯರು ಹೊರಗುಳಿಯುವ ಸಾಧ್ಯತೆ ಉಳಿದ ಕ್ಷೇತ್ರಗಳಿಗಿಂತ ಜಾಸ್ತಿ. ಏಕೆ ಹಾಗೆ, ಅವುಗಳ ಬದಲು ಏನನ್ನು ನೋಡಬೇಕು ಎಂಬುದನ್ನು ಈ ಕೆಲಸದ ಒಳಹೊರಗು ಬಲ್ಲವರಾಗಿ ಬರೆಯುತ್ತಿದ್ದೇವೆ.

ಮೊದಲು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಮುಂದಿಟ್ಟ ಲೆಕ್ಕ ಇದು. ಒಬ್ಬರ ಹತ್ತು ಪೇಪರ್‌ಗಳಿಗೆ ತಲಾ ಹತ್ತಾದರೂ ಸೈಟೇಷನ್ ಇದ್ದರೆ ಅವರ ಎಚ್-ಇಂಡೆಕ್ಸ್ ಕನಿಷ್ಠ 10. ಅವರು ಆ ಪೇಪರ್‌ಗಳ ಮೊದಲ ಲೇಖಕರೋ ಇನ್ನೂರನೆಯವರೋ ಎಂಬುದು ಈ ಲೆಕ್ಕಕ್ಕೆ ಬೇಕಾಗಿಲ್ಲ. ಕ್ಯಾನ್ಸರ್ ಜೀನೋಮಿಕ್ಸ್‌ನಲ್ಲಿ ಇದೇ ದೊಡ್ಡ ತೊಡಕು. 2006ರಲ್ಲಿ ಅಮೆರಿಕದಲ್ಲಿ ಶುರುವಾದ ಟಿಸಿಜಿಎ (ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಯೋಜನೆ 33 ಬಗೆಯ ಕ್ಯಾನ್ಸರ್‌ಗಳಲ್ಲಿ 11,000ಕ್ಕೂ ಹೆಚ್ಚು ರೋಗಿಗಳ ಗಡ್ಡೆಗಳನ್ನು ಅಧ್ಯಯನ ಮಾಡಿತು. 2020ರ ಫೆಬ್ರವರಿಯಲ್ಲಿ ಪ್ರಕಟವಾದ, ಪಿಸಿಎಡಬ್ಲ್ಯುಜಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಯನದಲ್ಲಿ 2,658 ಗಡ್ಡೆಗಳ ಪೂರ್ಣ ಜೀನೋಮ್ ವಿಶ್ಲೇಷಣೆಯಿತ್ತು. ಅದರಲ್ಲಿ ಪಾಲ್ಗೊಂಡವರು ಸಾವಿರಕ್ಕೂ ಮಿಕ್ಕಿ. ಇಂಥ ಒಕ್ಕೂಟದ ಹತ್ತು ಪೇಪರ್‌ಗಳಲ್ಲಿ ಹೆಸರಿದ್ದವರಿಗೆ ಎಚ್-ಇಂಡೆಕ್ಸ್ 10 ತಾನಾಗಿ ಬರುತ್ತದೆ. ಅದೇ ಹೊತ್ತಿಗೆ, ಒಂದೇ ಒಂದು ವಿಧಾನವನ್ನು ಕಟ್ಟಿ ಜಗತ್ತಿನ ಎಲ್ಲ ಲ್ಯಾಬುಗಳೂ ಅದನ್ನು ಬಳಸುವಂತೆ ಮಾಡಿದವರ ಆ ಪೇಪರ್‌ನಿಂದ ಎಚ್-ಇಂಡೆಕ್ಸ್‌ಗೆ ಸಿಗುವುದು 1 ಮಾತ್ರ.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ವ್ಯಕ್ತಿಯನ್ನು ಅಳೆಯುವ ಮಾಪನವೇ ಅಲ್ಲ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಸೈಟೇಷನ್‌ಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿ ಅದು. ಕ್ಯಾನ್ಸರ್ ಕ್ಷೇತ್ರದಲ್ಲೇ ಇದಕ್ಕೆ ಎದ್ದುಕಾಣುವ ಉದಾಹರಣೆ ಇದೆ. ‘ಸಿಎ: ಎ ಕ್ಯಾನ್ಸರ್ ಜರ್ನಲ್ ಫಾರ್ ಕ್ಲಿನಿಶಿಯನ್ಸ್’ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಇತ್ತೀಚಿನ ವರ್ಷಗಳಲ್ಲಿ 200 ದಾಟಿದೆ. ಕಾರಣ, ಕ್ಯಾನ್ಸರ್ ಅಂಕಿಅಂಶಗಳ ಒಂದೆರಡು ಲೇಖನಗಳು ಅಲ್ಲಿ ಬರುತ್ತವೆ, ಕ್ಯಾನ್ಸರ್ ಬಗ್ಗೆ ಬರೆಯುವ ಅಸಂಖ್ಯ ಲೇಖಕರು ತಮ್ಮ ಮೊದಲ ವಾಕ್ಯಕ್ಕೇ ಅವುಗಳನ್ನು ಉಲ್ಲೇಖಿಸುತ್ತಾರೆ. ಅದೇ ಪತ್ರಿಕೆಯ ಉಳಿದ ಲೇಖನಗಳಿಗೂ ಆ 200ಕ್ಕೂ ಸಂಬಂಧವಿಲ್ಲ. ಇನ್ನು ಕೆಲವು ಪತ್ರಿಕೆಗಳು ಮುಖಪುಟದಲ್ಲಿ ಅಚ್ಚು ಹಾಕಿಕೊಳ್ಳುವ ‘ಜಾಗತಿಕ ಇಂಪ್ಯಾಕ್ಟ್ ಫ್ಯಾಕ್ಟರ್’ ಥರದವು ಪೂರ್ತಿ ನಕಲಿ. ಅಸಲಿ ಅಂಕಿ ಸಿಗುವುದು ಕ್ಲಾರಿವೇಟ್ ಸಂಸ್ಥೆ ಪ್ರತಿವರ್ಷ ಹೊರಡಿಸುವ ಜರ್ನಲ್ ಸೈಟೇಷನ್ ರಿಪೋರ್ಟ್ಸ್‌ನಲ್ಲಿ ಮಾತ್ರ.

ಯುಜಿಸಿಯ 2018ರ ನಿಯಮಾವಳಿಯ ಅಂಕಪಟ್ಟಿಯನ್ನು ಇಟ್ಟುಕೊಂಡು ಲೆಕ್ಕ ಹಾಕುವವರಿಗೆ ಒಂದು ಗಣಿತ ತೋರಿಸಬೇಕು. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಪ್ರಧಾನ ಅಥವಾ ಕರೆಸ್ಪಾಂಡಿಂಗ್ (ಪತ್ರವ್ಯವಹಾರದ ಹೊಣೆ ಹೊತ್ತ) ಲೇಖಕರಿಗೆ ಅಂಕದ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಇಂಪ್ಯಾಕ್ಟ್ ಫ್ಯಾಕ್ಟರ್ 10ಕ್ಕಿಂತ ಹೆಚ್ಚಿದ್ದರೆ 30 ಅಂಕ, ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪರಿಶೀಲಿತ ಪತ್ರಿಕೆಗೆ 5. ಮೂಲ ಅಂಕಗಳನ್ನು ಬದಿಗಿಟ್ಟು ಇಷ್ಟನ್ನೇ ಗುಣಿಸಿ ನೋಡಿ. ಮುನ್ನೂರು ಜನರ ಪಟ್ಟಿಯಲ್ಲಿ ಇನ್ನೂರನೆಯವರಿಗೆ 30ರ ಶೇ 30, ಅಂದರೆ 9. ನಮ್ಮದೇ ಜಿಲ್ಲೆಯ ಬಾಯಿ ಕ್ಯಾನ್ಸರ್ ರೋಗಿಗಳ ಸ್ಯಾಂಪಲ್ ಕೂಡಿಸಿ, ಡಿಎನ್‌ಎ ತೆಗೆದು, ವಿಶ್ಲೇಷಿಸಿ, ಇಬ್ಬರು ಜೊತೆಗಾರರೊಂದಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಒಂದು ಭಾರತೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಲೇಖಕರಿಗೆ 5ರ ಶೇ 70, ಅಂದರೆ 3.5. ಈ ಅಂಕಪಟ್ಟಿಯನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಅದರ ಆಧಾರದ ಮೇಲೆ ಪಟ್ಟಿ ಮಾಡಿದ ನಂತರ ಸಂದರ್ಶನದಲ್ಲಿ ಯಾರಿಗೆ ಏನು ಕೇಳಬೇಕು ಎಂಬುದು ಪೂರ್ತಿ ನಿಮ್ಮ ಕೈಯಲ್ಲಿದೆ.

ಅಂಕಿಗಳ ಮಾತು ಬಿಡುವ ಮುಂಚೆ ನಮ್ಮ ಭಾಗದ್ದೇ ಒಂದು ಸಮಸ್ಯೆ: ಹೆಸರು. ಪಾಟೀಲ, ಬಿರಾದಾರ, ಕುಲಕರ್ಣಿ, ಹಿರೇಮಠ ಎಂಬ ಅಡ್ಡಹೆಸರುಗಳು ಇಲ್ಲಿ ಓಣಿಗೆ ಹತ್ತು. ‘ಎಸ್. ಪಾಟೀಲ’ ಎಂದಷ್ಟೇ ಇದ್ದರೆ ಗೂಗಲ್ ಸ್ಕಾಲರ್ ಪುಣೆಯ ಎಲುಬು ವೈದ್ಯರ ಪೇಪರನ್ನೂ ಧಾರವಾಡದ ಮಣ್ಣು ವಿಜ್ಞಾನಿಯ ಪೇಪರನ್ನೂ ಒಂದೇ ಖಾತೆಗೆ ತಂದು ಹಾಕುತ್ತದೆ. ಅಭ್ಯರ್ಥಿ ಅದನ್ನು ಅಳಿಸದಿದ್ದರೆ ಸೈಟೇಷನ್ ಉಬ್ಬುತ್ತದೆ. ಊರಿನ ಹೆಸರು, ತಂದೆಯ ಹೆಸರು ಒಮ್ಮೆ ಮುಂದೆ ಒಮ್ಮೆ ಹಿಂದೆ ಬಂದವರ ಪೇಪರ್‌ಗಳು ಎರಡು ಮೂರು ಖಾತೆಗಳಿಗೆ ಹಂಚಿಹೋಗಿ ಸೈಟೇಷನ್ ಇಳಿಯುವುದೂ ಉಂಟು. ಇದಕ್ಕೆ ಪರಿಹಾರ, ಪ್ರತಿ ಸಂಶೋಧಕರಿಗೂ ಬೇರೆಬೇರೆಯಾಗಿ ಸಿಗುವ 16 ಅಂಕಿಗಳ ಓರ್ಸಿಡ್ ಗುರುತು ಸಂಖ್ಯೆ. ಅದು ಪುಕ್ಕಟೆ, ಹತ್ತು ನಿಮಿಷದ ಕೆಲಸ. ಅರ್ಜಿಯಲ್ಲಿ ಅದನ್ನು ಕಡ್ಡಾಯ ಮಾಡಿ, ಅಲ್ಲಿರುವ ಪಟ್ಟಿಯನ್ನೇ ಆಧಾರವಾಗಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ: ಪೇಪರ್ ತೆರೆದಾಗ ಏನು ನೋಡಬೇಕು?

ಲೇಖಕರ ಸಾಲಿನಿಂದ ಆರಂಭಿಸಿ. ಈ ಕ್ಷೇತ್ರದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದು. ಹೆಸರಿನ ತಲೆಯ ಮೇಲೆ ನಕ್ಷತ್ರ ಇದ್ದು ‘ಸಮಾನ ಕೊಡುಗೆ’ ಎಂದು ಕೆಳಗೆ ಬರೆದಿದ್ದರೆ ಎರಡನೆಯವರೂ ಮೂರನೆಯವರೂ ಮೊದಲ ಲೇಖಕರೇ. 2013ರಲ್ಲಿ ಲುಡ್ಮಿಲ್ ಅಲೆಕ್ಸಾಂಡ್ರೊವ್ ಮೊದಲ ಲೇಖಕರಾಗಿದ್ದ ಪೇಪರ್ 7,042 ಗಡ್ಡೆಗಳ ಮ್ಯುಟೇಶನ್‌ಗಳಲ್ಲಿ (ಡಿಎನ್‌ಎ ಬದಲಾವಣೆಗಳಲ್ಲಿ) ಇಪ್ಪತ್ತಕ್ಕೂ ಹೆಚ್ಚು ‘ಸಹಿ’ಗಳನ್ನು ಗುರುತಿಸಿ, ಇದು ಸಿಗರೇಟಿನದು, ಇದು ಬಿಸಿಲಿನದು ಎಂದು ಹೇಳುವ ದಾರಿ ತೋರಿತು. ಆಗ ಅವರಿನ್ನೂ ಪಿಎಚ್‌.ಡಿ. ವಿದ್ಯಾರ್ಥಿ. ಪದವಿ, ಹುದ್ದೆ ನೋಡಿ ಕೊಡುಗೆ ಊಹಿಸಬಾರದು ಎಂಬುದಕ್ಕೆ ಇದೊಂದು ಸಾಕು. ಈಗ ಬಹಳಷ್ಟು ಪತ್ರಿಕೆಗಳು ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿ ಬಳಸುತ್ತವೆ: ಯೋಜನೆ, ಸಾಫ್ಟ್‌ವೇರ್, ದತ್ತಾಂಶ ನಿರ್ವಹಣೆ, ಬರವಣಿಗೆ ಹೀಗೆ. ಪೇಪರಿನ ಕೊನೆಯಲ್ಲಿ ಅದು ಇರುತ್ತದೆ. ಅಭ್ಯರ್ಥಿಯ ಹೆಸರಿನ ಮುಂದೆ ಏನಿದೆ ಎಂದು ಓದಲು ಎರಡು ನಿಮಿಷ ಸಾಕು.

ಆಮೇಲೆ ವಿಧಾನದ ಭಾಗಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿ: ಗಡ್ಡೆಯ ಜೊತೆಗೆ ಅದೇ ರೋಗಿಯ ರಕ್ತವನ್ನೂ ಸೀಕ್ವೆನ್ಸ್ ಮಾಡಿದ್ದಾರೆಯೇ, ಅಂದರೆ ಅದರ ಡಿಎನ್‌ಎ ಓದಿದ್ದಾರೆಯೇ? ನಾವು ಹುಟ್ಟಿನಿಂದ ಹೊತ್ತು ಬಂದ ಜೀನ್ ವ್ಯತ್ಯಾಸಗಳನ್ನೂ ಗಡ್ಡೆಯಲ್ಲಿ ಹೊಸದಾಗಿ ಆದ ಮ್ಯುಟೇಶನ್‌ಗಳನ್ನೂ ಬೇರ್ಪಡಿಸುವುದು ಈ ಜೋಡಿಯಿಂದ. ರಕ್ತ ಇಲ್ಲದಿದ್ದರೆ ಅಂತರರಾಷ್ಟ್ರೀಯ ದತ್ತಾಂಶ ಭಂಡಾರಗಳಲ್ಲಿ ಕಂಡ ವ್ಯತ್ಯಾಸಗಳನ್ನು ಕಳೆದು ಉಳಿದದ್ದನ್ನು ಮ್ಯುಟೇಶನ್ ಎನ್ನುತ್ತಾರೆ. ಆ ಭಂಡಾರಗಳಲ್ಲಿ ಭಾರತೀಯರು ಕಡಿಮೆ, ನಮ್ಮ ಭಾಗದ ಸಮುದಾಯಗಳಂತೂ ಇಲ್ಲವೇ ಇಲ್ಲವೆನ್ನಬೇಕು. ಹೀಗಾಗಿ ನಮ್ಮ ಜನರಲ್ಲಿ ಸಹಜವಾಗಿರುವ ವ್ಯತ್ಯಾಸವೇ ‘ಹೊಸ ಕ್ಯಾನ್ಸರ್ ಮ್ಯುಟೇಶನ್’ ಎಂದು ಅಚ್ಚಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗನೊಂದಿಗೆ ಮದುವೆ ನಡೆಯುವ ಮನೆತನಗಳಲ್ಲಿ ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಉದ್ದಕ್ಕೆ ಒಂದೇ ಥರ ಇರುವ ಭಾಗಗಳು ಹೆಚ್ಚಿರುತ್ತವೆ. ಗಡ್ಡೆಯನ್ನು ಮಾತ್ರ ನೋಡಿದವರಿಗೆ ಅದು ಕ್ರೋಮೋಸೋಮಿನ ಒಂದು ಪ್ರತಿ ಕಳೆದುಹೋದಂತೆ ಕಾಣುತ್ತದೆ. ರಕ್ತದ ಟ್ಯೂಬ್ ಒಂದಿದ್ದರೆ ಈ ಗೊಂದಲವೇ ಇಲ್ಲ. ಕಲಬುರಗಿಯ ರೋಗಿಗಳ ಮೇಲೆ ಕೆಲಸ ಮಾಡಿದ್ದೇನೆ ಎನ್ನುವ ಅಭ್ಯರ್ಥಿಗೆ ಇದನ್ನು ಕೇಳಲೇಬೇಕು. ಉತ್ತರ ಕೇಳಿದರೆ ಅವರ ತಿಳಿವಳಿಕೆ ಎಷ್ಟೆಂಬುದು ಗೊತ್ತಾಗುತ್ತದೆ.

ಎರಡನೆಯ ಪ್ರಶ್ನೆ: ಸ್ಯಾಂಪಲ್ ತಾಜಾ ಇತ್ತೋ, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕಿನದೋ? ಬ್ಲಾಕ್ ಆದರೆ ಫಾರ್ಮಲಿನ್ ಡಿಎನ್‌ಎಯಲ್ಲಿ ‘ಸಿ’ ಅಕ್ಷರ ಇದ್ದಲ್ಲಿ ‘ಟಿ’ ಎಂದು ಓದಿಸುತ್ತದೆ. ಕಡಿಮೆ ಪ್ರಮಾಣದಲ್ಲಿ ಕಾಣುವ ಇಂಥ ಬದಲಾವಣೆಗಳನ್ನು ಸೋಸದಿದ್ದರೆ ನೂರಾರು ಸುಳ್ಳು ಮ್ಯುಟೇಶನ್ ಸಿಗುತ್ತವೆ. ಬಫರ್ ಇಲ್ಲದ ಸಾದಾ ಫಾರ್ಮಲಿನ್ ಹಳೆಯದಾದರೆ ಆಮ್ಲವಾಗಿ ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಲ್ಲಿ ಆಪರೇಷನ್ ಆದ ತುಂಡು ತಾಸುಗಟ್ಟಲೆ ಹೊರಗುಳಿದರೂ ಇದೇ ಗತಿ. ತುಂಡಿನ ಹತ್ತು ಪಟ್ಟು ಪ್ರಮಾಣದ, ಶೇ 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಕೂಡಲೇ ಹಾಕಿಸಿದೆ, ಹಾಕಿದ ಹೊತ್ತು ಬರೆಸಿದೆ, ಇಂಥ ಹಾನಿಗೊಂಡ ಅಕ್ಷರಗಳನ್ನು ತೆಗೆಯುವ ಯುಡಿಜಿ ಕಿಣ್ವದಿಂದ ಸಂಸ್ಕರಿಸಿದೆ, ಪೆಥಾಲಜಿಸ್ಟ್ ಹತ್ತಿರ ಸ್ಲೈಡ್ ಮೇಲೆ ಗಡ್ಡೆಯ ಜೀವಕೋಶ ಹೆಚ್ಚಿರುವ ಜಾಗ ಗುರುತು ಹಾಕಿಸಿದೆ ಎಂದು ವಿಧಾನದ ಭಾಗದಲ್ಲಿ ಬರೆದವರು ನಿಜವಾಗಿ ಕೆಲಸ ಮಾಡಿದವರು. ಟಿಸಿಜಿಎ ಕೂಡ ಗಡ್ಡೆಯ ಜೀವಕೋಶ ಕನಿಷ್ಠ ಶೇ 60 ಇರಬೇಕೆಂದು ಷರತ್ತು ಇಟ್ಟಿತ್ತು, ಮೊದಮೊದಲು ಶೇ 80.

ಫಲಿತಾಂಶದಲ್ಲಿ ‘ಹೊಸ ಕ್ಯಾನ್ಸರ್ ಜೀನ್ ಕಂಡುಹಿಡಿದೆವು’ ಎಂದಿದ್ದರೆ ಜೀನುಗಳ ಪಟ್ಟಿ ಓದಿ. ಅದರಲ್ಲಿ ಟೈಟಿನ್ ಇದೆಯೇ, ವಾಸನೆ ಗ್ರಹಿಸುವ ಜೀನುಗಳಿವೆಯೇ? ಟೈಟಿನ್ ಭಾರೀ ಉದ್ದದ ಜೀನ್, ಉದ್ದವಾಗಿರುವುದರಿಂದಲೇ ಅದರಲ್ಲಿ ಮ್ಯುಟೇಶನ್ ಹೆಚ್ಚು ಬೀಳುತ್ತವೆ. ವಾಸನೆಯ ಜೀನುಗಳಿರುವ ಭಾಗದಲ್ಲಿ ಮ್ಯುಟೇಶನ್ ದರವೇ ಹೆಚ್ಚು. ಎಲ್ಲ ಜೀನುಗಳಿಗೂ ಒಂದೇ ದರ ಹಿಡಿದು ಲೆಕ್ಕ ಹಾಕಿದರೆ ಇವು ತಪ್ಪಾಗಿ ಮೇಲೆ ಬರುತ್ತವೆ ಎಂದು 2013ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ತೋರಿಸಲಾಗಿದೆ. ಅದಾದ ಮೇಲೂ ಅವನ್ನು ಹೊಸ ಶೋಧವೆಂದು ಬರೆದಿದ್ದರೆ ಆ ಪೇಪರಿಗೆ ಎಷ್ಟು ಸೈಟೇಷನ್ ಇದ್ದರೂ ಲೆಕ್ಕಕ್ಕಿಲ್ಲ.

ಪೂರಕ ಕಡತವಾಗಿ ಕೊಟ್ಟ ಎಕ್ಸೆಲ್ ಶೀಟನ್ನೂ ತೆರೆಯಿರಿ. ಜೀನಿನ ಹೆಸರು ಇರಬೇಕಾದ ಸಾಲಿನಲ್ಲಿ ‘1-ಮಾರ್ಚ್’, ‘2-ಸೆಪ್ಟೆಂಬರ್’ ಎಂಬ ತಾರೀಖು ಕಂಡರೆ ಆ ಪಟ್ಟಿಯನ್ನು ಮತ್ತೊಮ್ಮೆ ಯಾರೂ ನೋಡಿಲ್ಲ ಎಂದರ್ಥ. ಮಾರ್ಚ್1, ಸೆಪ್ಟ್2 ಎಂಬ ಜೀನುಗಳನ್ನು ಎಕ್ಸೆಲ್ ತಾರೀಖೆಂದು ತಿಳಿದು ಬದಲಿಸುತ್ತದೆ. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟ ಪೇಪರ್‌ಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪಿದೆ ಎಂದು 2016ರ ಒಂದು ಪರಿಶೀಲನೆ ಕಂಡುಕೊಂಡಿತು. ಕೊನೆಗೆ 2020ರಲ್ಲಿ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು. ಇದು ಸಣ್ಣ ತಪ್ಪು, ಇದಕ್ಕಾಗಿ ಯಾರನ್ನೂ ತಿರಸ್ಕರಿಸಬೇಡಿ. ಆದರೆ ಸಂದರ್ಶನದಲ್ಲಿ ತೋರಿಸಿ ಕೇಳಿ.

ಸಾಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣವಿದೆ. ಯಾವ ರೋಗಿಗೆ ಯಾವ ಕೀಮೋ ಹಿಡಿಯುತ್ತದೆ ಎಂದು ಜೀನ್‌ಗಳಿಂದ ಹೇಳಬಹುದು ಎಂದು ಅನಿಲ್ ಪೊಟ್ಟಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಸೈಟೇಷನ್‌ಗಳ ಸುರಿಮಳೆ ಬಂತು, ರೋಗಿಗಳ ಮೇಲೆ ಪ್ರಯೋಗಗಳೂ ಶುರುವಾದವು. ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ದತ್ತಾಂಶ ತರಿಸಿಕೊಂಡು ಮೊದಲಿನಿಂದ ಲೆಕ್ಕ ಹಾಕಿದಾಗ ಜೀನ್ ಪಟ್ಟಿ ಒಂದು ಸಾಲು ಕೆಳಗೆ ಸರಿದಿತ್ತು, ಕೆಲವು ಕಡೆ ಔಷಧ ಹಿಡಿಯುವ ಮತ್ತು ಹಿಡಿಯದ ಗುಂಪುಗಳ ಗುರುತೇ ಅದಲುಬದಲಾಗಿತ್ತು. ಪ್ರಯೋಗಗಳು ನಿಂತವು, 2011ರಲ್ಲಿ ಮೂಲ ಪೇಪರ್ ಹಿಂತೆಗೆತವಾಯಿತು. ಪೊಟ್ಟಿ ಸಂಶೋಧನಾ ಅಕ್ರಮ ಎಸಗಿದ್ದರೆಂದು ಅಮೆರಿಕದ ಸರ್ಕಾರಿ ಕಚೇರಿ 2015ರಲ್ಲಿ ತೀರ್ಮಾನಿಸಿತು. ಸೈಟೇಷನ್ ಎಣಿಸುವ ಸಮಿತಿಗೆ 2008ರಲ್ಲಿ ಅವರು ಅತ್ಯುತ್ತಮ ಅಭ್ಯರ್ಥಿಯಾಗಿ ಕಂಡಿರುತ್ತಿದ್ದರು.

ಈಚಿನ ಇನ್ನೊಂದು ಪ್ರಕರಣ: ಗಡ್ಡೆಯಲ್ಲಿರುವ ಸೂಕ್ಷ್ಮಾಣುಗಳಿಂದ ಕ್ಯಾನ್ಸರ್ ಬಗೆ ಹೇಳಬಹುದು ಎಂಬ 2020ರ ‘ನೇಚರ್’ ಪೇಪರ್ 2024ರಲ್ಲಿ ಹಿಂತೆಗೆತವಾಯಿತು. ಮನುಷ್ಯರ ಡಿಎನ್‌ಎ ತುಣುಕುಗಳೇ ಬ್ಯಾಕ್ಟೀರಿಯಾದ್ದೆಂದು ಎಣಿಕೆಯಾಗಿದ್ದವು. ಇಲ್ಲೂ ತಪ್ಪು ಹೊರಬಂದದ್ದು ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತಿದ್ದುದರಿಂದ. ಹಾಗಾಗಿ ಪ್ರತಿ ಪೇಪರಿಗೂ ದತ್ತಾಂಶ ಎಲ್ಲಿಟ್ಟಿದ್ದೀರಿ ಎಂದು ಕೇಳಿ, ನೋಂದಣಿ ಸಂಖ್ಯೆ ಕೊಡಿಸಿ. ರೋಗಿಗಳ ಜೀನೋಮ್ ದತ್ತಾಂಶವನ್ನು ಅನುಮತಿ ಪಡೆದವರಿಗೆ ಮಾತ್ರ ತೆರೆಯುವ ಭಂಡಾರಗಳಿವೆ. ನಮ್ಮ ದೇಶದಲ್ಲೇ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರಿಂದ ಇದೆ. ‘ಕೇಳಿದರೆ ಕೊಡುತ್ತೇವೆ’ ಎಂಬ ಒಂದು ಸಾಲಿಗೆ ನಮ್ಮ ಅನುಭವದಲ್ಲಿ ಬೆಲೆ ಕಡಿಮೆ.

ಕೆಲವು ಅರ್ಜಿಗಳಲ್ಲಿ ವರ್ಷಕ್ಕೆ ಹತ್ತು ಹದಿನೈದು ಪೇಪರ್ ಇರುತ್ತವೆ, ಶೀರ್ಷಿಕೆಗಳೆಲ್ಲ ಒಂದೇ ಅಚ್ಚು: ಇಂಥ ಜೀನ್ ಇಂಥ ಕ್ಯಾನ್ಸರಿನಲ್ಲಿ ಆಯುಷ್ಯ ಸೂಚಿಸುತ್ತದೆ. ಟಿಸಿಜಿಎ ದತ್ತಾಂಶ ಇಳಿಸಿಕೊಂಡು, ಒಂದು ಜೀನ್ ಆರಿಸಿ, ರೋಗಿಗಳನ್ನು ಹೆಚ್ಚು-ಕಡಿಮೆ ಎಂದು ಎರಡು ಗುಂಪು ಮಾಡಿ, ಬದುಕುಳಿದ ಅವಧಿಯ ಗೆರೆ ಎಳೆಯುವುದು ಒಂದು ಮಧ್ಯಾಹ್ನದ ಕೆಲಸ. ಗುಂಪು ಮಾಡುವ ಗಡಿಯನ್ನು ಅಲ್ಲಿ ಇಲ್ಲಿ ಸರಿಸುತ್ತ ಹೋದರೆ ಎಲ್ಲೋ ಒಂದು ಕಡೆ ಪಿ-ಮೌಲ್ಯ (ಫಲಿತಾಂಶ ಆಕಸ್ಮಿಕವೇ ಎಂದು ಅಳೆಯುವ ಅಂಕಿ) 0.05ಕ್ಕಿಂತ ಕೆಳಗೆ ಇಳಿದೇ ಇಳಿಯುತ್ತದೆ. ಗಡಿಯನ್ನು ಮೊದಲೇ ತೀರ್ಮಾನಿಸಿದ್ದಿರಾ, ಬೇರೊಂದು ರೋಗಿಗಳ ಗುಂಪಿನಲ್ಲಿ ಪರೀಕ್ಷಿಸಿದ್ದೀರಾ ಎಂದು ಕೇಳಿ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಹದಿನೈದೂ ಪೇಪರ್‌ಗಳನ್ನು ಒಂದು ಎಂದೇ ಎಣಿಸುವುದು ನ್ಯಾಯ.

ದುಡ್ಡಿಗೆ ಮಾರಾಟವಾಗುವ ಪೇಪರ್‌ಗಳೂ ಈ ಕ್ಷೇತ್ರಕ್ಕೆ ನುಗ್ಗಿವೆ. ‘ಟ್ಯೂಮರ್ ಬಯಾಲಜಿ’ ಪತ್ರಿಕೆಯ 107 ಪೇಪರ್‌ಗಳು ಸುಳ್ಳು ಪರಿಶೀಲನೆಯ ಕಾರಣಕ್ಕೆ 2017ರಲ್ಲಿ ಒಟ್ಟಿಗೆ ಹಿಂತೆಗೆತವಾದವು. ಇಂಥವನ್ನು ಪತ್ತೆ ಹಚ್ಚಲು ಸಿಡ್ನಿಯ ಜೆನಿಫರ್ ಬರ್ನ್ ತೋರಿಸಿದ ದಾರಿ ಬಹಳ ಸರಳ. ಪೇಪರಿನಲ್ಲಿ ಕೊಟ್ಟ ಪ್ರೈಮರಿನ (ಜೀನನ್ನು ಹಿಡಿಯಲು ಬಳಸುವ ಚಿಕ್ಕ ಡಿಎನ್‌ಎ ತುಣುಕಿನ) ಇಪ್ಪತ್ತು ಚಿಲ್ಲರೆ ಅಕ್ಷರಗಳನ್ನು ನಕಲು ಮಾಡಿ, ಡಿಎನ್‌ಎ ಅಕ್ಷರ ಹೋಲಿಸಿ ನೋಡುವ ತಾಣವಾದ ಎನ್‌ಸಿಬಿಐನ ಬ್ಲಾಸ್ಟ್‌ನಲ್ಲಿ ಹಾಕಿ. ಅವರು ಹೇಳಿದ ಜೀನ್ ಬರುತ್ತದೆಯೇ ನೋಡಿ. ಬೇರೆ ಜೀನ್ ಬಂದರೆ, ಅಥವಾ ಮನುಷ್ಯರ ಯಾವ ಜೀನೂ ಬರದಿದ್ದರೆ, ಆ ಪ್ರಯೋಗ ನಡೆದದ್ದೇ ಅನುಮಾನ. ಹಿಂತೆಗೆತ ಆಗಿದೆಯೇ ಎಂದು ತಿಳಿಯಲು ವೈದ್ಯಕೀಯ ಪೇಪರ್‌ಗಳ ತಾಣವಾದ ಪಬ್‌ಮೆಡ್‌ನಲ್ಲಿ ಶೀರ್ಷಿಕೆ ಹುಡುಕಿದರೆ ಮೇಲೆ ಕೆಂಪು ಪಟ್ಟಿ ಕಾಣುತ್ತದೆ. ಹಿಂತೆಗೆತಗಳ ಪಟ್ಟಿ ಇಡುವ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶವೂ 2023ರಿಂದ ಎಲ್ಲರಿಗೂ ಉಚಿತ. ಆದರೆ ಕಾರಣ ಓದದೆ ತೀರ್ಪು ಕೊಡಬೇಡಿ. ತಮ್ಮ ತಪ್ಪನ್ನು ತಾವೇ ಕಂಡು ಪೇಪರ್ ಹಿಂದಕ್ಕೆ ಪಡೆದವರ ಮೇಲೆ ನಮಗೆ ಹೆಚ್ಚಿನ ಗೌರವವಿದೆ, ಸಮಿತಿಗೂ ಇರಬೇಕು.

ಇನ್ನು ನಮ್ಮ ನೆಲದ ಸಂಶೋಧನೆ. ಮಾನದಂಡಗಳ ಬಗೆಗಿನ 2015ರ ಲೈಡನ್ ಪ್ರಣಾಳಿಕೆ, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯ ಗುಣಮಟ್ಟವನ್ನು ಕಾಪಾಡಿ ಎಂದು ಹೇಳಿತು. ತಂಬಾಕು, ಗುಟ್ಕಾ ಅಗಿಯುವ ನಮ್ಮ ಭಾಗದಲ್ಲಿ ಕೆನ್ನೆ-ವಸಡಿನ ಕ್ಯಾನ್ಸರ್ ಯಾರಿಗೂ ಅಪರಿಚಿತವಲ್ಲ. ಈ ಕ್ಯಾನ್ಸರಿನ ಜೀನ್ ನಕ್ಷೆಯನ್ನು ಅಂತರರಾಷ್ಟ್ರೀಯ ಒಕ್ಕೂಟದ ಭಾರತ ತಂಡ 2013ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟಿಸಿತು. 50 ರೋಗಿಗಳ ಎಕ್ಸೋಮ್ (ಪ್ರೋಟೀನ್ ತಯಾರಿಗೆ ಬೇಕಾದ ಡಿಎನ್‌ಎ ಭಾಗ), ಮತ್ತೆ 60 ರೋಗಿಗಳಲ್ಲಿ ದೃಢೀಕರಣ. ಟಿಪಿ53, ಕ್ಯಾಸ್ಪ್8 ಥರದ ಗೊತ್ತಿದ್ದ ಜೀನುಗಳ ಜೊತೆ ಯುಎಸ್‌ಪಿ9ಎಕ್ಸ್, ಅರಿಡ್2 ಮುಂತಾದವು ಹೊಸದಾಗಿ ಸೇರಿದವು. ಸ್ತನ, ಶ್ವಾಸಕೋಶದ ಕ್ಯಾನ್ಸರ್ ಮೇಲೆ ಶ್ರೀಮಂತ ದೇಶಗಳ ಸಾವಿರಾರು ಲ್ಯಾಬುಗಳು ಕೆಲಸ ಮಾಡುತ್ತವೆ, ಆದ್ದರಿಂದ ಅಲ್ಲಿ ಸೈಟೇಷನ್ ಬೇಗ ಕೂಡುತ್ತದೆ. ಕೆನ್ನೆ-ವಸಡಿನ ಕ್ಯಾನ್ಸರ್ ಓದುವವರೇ ಕಡಿಮೆ. ಒಬ್ಬರ ಸೈಟೇಷನ್ನನ್ನು ಅದೇ ಕ್ಯಾನ್ಸರ್, ಅದೇ ವರ್ಷದ ಪೇಪರ್‌ಗಳ ಜೊತೆಗೇ ಹೋಲಿಸಬೇಕು.

ಸ್ಯಾಂಪಲ್ ಕೂಡಿಸುವವರ ಮಾತು ಇದರ ಮುಂದಿನದು. ಆಳಂದ, ಅಫಜಲಪುರದ ರೋಗಿ ಸೊಲ್ಲಾಪುರಕ್ಕೆ ಹೋಗುತ್ತಾರೆ, ಬೀದರಿನವರು ಹೈದರಾಬಾದಿಗೆ. ಬ್ಲಾಕ್, ರಿಪೋರ್ಟ್ ಎಲ್ಲ ಅಲ್ಲೇ ಉಳಿಯುತ್ತವೆ. ಅವನ್ನು ಬರೆದು ತರಿಸುವುದು, ಒಪ್ಪಿಗೆ ಪತ್ರವನ್ನು ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ತಯಾರಿಸುವುದು, ತಾಂಡಾದ ಅಜ್ಜಿಗೆ ಲಂಬಾಣಿಯಲ್ಲಿ ಕೂತು ತಿಳಿಸಿ ಹೇಳುವುದು, ಎರಡು ವರ್ಷವಾದ ಮೇಲೆ ರೋಗಿ ಹೇಗಿದ್ದಾರೆಂದು ಫೋನ್ ಮಾಡಿ ಬರೆದಿಡುವುದು, ಇವೆಲ್ಲ ಇಲ್ಲದೆ ಯಾವ ಜೀನೋಮ್ ದತ್ತಾಂಶಕ್ಕೂ ಅರ್ಥವಿಲ್ಲ. ಲೇಖಕತ್ವದ ಅಂತರರಾಷ್ಟ್ರೀಯ ನಿಯಮದಲ್ಲಿ ನಾಲ್ಕು ಷರತ್ತುಗಳಿವೆ, ಬರವಣಿಗೆ ಅಥವಾ ಪರಿಷ್ಕರಣೆಯಲ್ಲಿ ಪಾಲು ಅವುಗಳಲ್ಲೊಂದು. ಸ್ಯಾಂಪಲ್ ಕೊಟ್ಟ ಮಾತ್ರಕ್ಕೆ ಲೇಖಕರಾಗುವುದಿಲ್ಲ, ನಿಜ. ಹಾಗೆಂದು ಅವರಿಗೆ ಕರಡು ತೋರಿಸದೇ ಇದ್ದು, ಬರವಣಿಗೆಯಲ್ಲಿ ಪಾಲಿಲ್ಲವೆಂದು ಹೊರಗಿಡುವುದು ಅನ್ಯಾಯ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರಿಗೆ ಒಂದು ಒಳ್ಳೆಯ ಮಾದರಿ ಗೊತ್ತಿರಬಹುದು: ನಾಯಿಯಿಂದ ನಾಯಿಗೆ ಹರಡುವ ಜನನಾಂಗದ ಗಡ್ಡೆಯ ಮೇಲೆ 2019ರಲ್ಲಿ ‘ಸೈನ್ಸ್’ನಲ್ಲಿ ಬಂದ ಪೇಪರಿನಲ್ಲಿ 546 ಗಡ್ಡೆಗಳ ಎಕ್ಸೋಮ್ ಇದೆ, ಜಗತ್ತಿನ ನಾನಾ ಕಡೆ ಸ್ಯಾಂಪಲ್ ತೆಗೆದ ಪಶುವೈದ್ಯರ ಹೆಸರು ಲೇಖಕರ ಸಾಲಿನಲ್ಲೇ ಇವೆ. ಅಂಥ ಪೇಪರಿನ ನಡುವಿನ ಹೆಸರನ್ನು ‘ಬರೀ ಸ್ಯಾಂಪಲ್ ಕೊಟ್ಟವರು’ ಎಂದು ತಳ್ಳಿಹಾಕಬೇಡಿ. ಏನು ಮಾಡಿದಿರಿ ಎಂದು ಕೇಳಿ.

ನಮ್ಮ ಕೋರಿಕೆ ಇಷ್ಟು. ಮುಂದಿನ ಅಧಿಸೂಚನೆಯ ಅರ್ಜಿ ನಮೂನೆಯಲ್ಲಿ ಎಚ್-ಇಂಡೆಕ್ಸ್ ಮತ್ತು ಇಂಪ್ಯಾಕ್ಟ್ ಫ್ಯಾಕ್ಟರಿನ ಕಾಲಂಗಳನ್ನು ಮೊದಲ ಪುಟದಿಂದ ತೆಗೆಯಿರಿ. ನಿಯಮಕ್ಕೆ ಬೇಕಾದ ಅಂಕಗಳ ಲೆಕ್ಕ ಕೊನೆಯ ಅನುಬಂಧದಲ್ಲಿರಲಿ. ಮೊದಲ ಪುಟದಲ್ಲಿ ಅಭ್ಯರ್ಥಿ ತಾವೇ ಆರಿಸಿದ ಐದು ಕೆಲಸಗಳಿರಲಿ. ಪೇಪರೇ ಆಗಬೇಕೆಂದಿಲ್ಲ, ದತ್ತಾಂಶ ಸಂಗ್ರಹ, ಸಾಫ್ಟ್‌ವೇರ್, ಆಸ್ಪತ್ರೆಯಲ್ಲಿ ಜಾರಿಗೆ ಬಂದ ಪರೀಕ್ಷೆಯೂ ಆಗಬಹುದು. ಒಂದೊಂದರ ಕೆಳಗೆ 150 ಪದಗಳಲ್ಲಿ ತಾವು ಮಾಡಿದ್ದೇನು, ದತ್ತಾಂಶದ ನೋಂದಣಿ ಸಂಖ್ಯೆ ಯಾವುದು, ತಿದ್ದುಪಡಿ ಅಥವಾ ಹಿಂತೆಗೆತ ಆಗಿದ್ದರೆ ಏಕೆ ಎಂಬುದನ್ನು ಬರೆಯಲಿ. ಸಂದರ್ಶನಕ್ಕೆ ಒಂದು ವಾರ ಮೊದಲು ಆ ಐದರಲ್ಲಿ ಎರಡನ್ನು ವಿಷಯತಜ್ಞರೊಬ್ಬರು ಪೂರ್ತಿ ಓದಿ, ಮೇಲೆ ಹೇಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಸಮಿತಿಗೆ ಕೊಡಲಿ. ಒಬ್ಬ ಅಭ್ಯರ್ಥಿಗೆ ಅರ್ಧ ದಿನ ಹಿಡಿಯುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ಈ ಹುದ್ದೆಯಲ್ಲಿ ಕೂರುವವರಿಗಾಗಿ ಅರ್ಧ ದಿನ ದೊಡ್ಡದಲ್ಲ.

ವಿಷಯತಜ್ಞರು ಸಿಗುವುದಿಲ್ಲವೆಂಬ ತೊಂದರೆ ಇದ್ದರೆ ಪೇಪರ್ ಓದಿ ಟಿಪ್ಪಣಿ ಬರೆದುಕೊಡಲು ನಮ್ಮಲ್ಲಿ ಕೆಲವರು ಸಿದ್ಧರಿದ್ದೇವೆ, ಸಂಭಾವನೆ ಬೇಡ. ಅಭ್ಯರ್ಥಿ ನಮ್ಮ ಪೈಕಿ ಯಾರಿಗಾದರೂ ಜೊತೆ ಲೇಖಕರೋ ಶಿಷ್ಯರೋ ಆಗಿದ್ದರೆ ಅಂಥವರು ಅದನ್ನು ಮೊದಲೇ ಬರೆದು ತಿಳಿಸಿ ದೂರ ಉಳಿಯುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಜೀನೋಮಿಕ್ಸ್, ಪೆಥಾಲಜಿ ಮತ್ತು ಗ್ರಂಥಾಲಯ ಕೆಲಸದಲ್ಲಿರುವವರು